ತಲೆ ಚಚ್ಚಿಕೊಳ್ಳುವ ಮಗು ಕೇಳುತ್ತಿರುವುದೇನು?

ಬೌದ್ಧಿಕ ವೈಕಲ್ಯ, ಆಟಿಸಂ ಮೊದಲಾದ ಬೆಳವಣಿಗೆಯ ತೊಂದರೆಗಳಿರುವ ಮಕ್ಕಳಲ್ಲಿಯೂ ವಯಸ್ಕರಲ್ಲಿಯೂ ಕಾಣುವ ವರ್ತನೆಗಳ ಪೈಕಿ ಮನೆಯವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಂಗೆಡಿಸುವುದು, ಅವರು ತಮ್ಮ ಮೈಯನ್ನು ತಾವೇ ನೋಯಿಸಿಕೊಳ್ಳುವ ವರ್ತನೆ. ತಲೆಯನ್ನು ಗೋಡೆಗೋ ನೆಲಕ್ಕೋ ಚಚ್ಚಿಕೊಳ್ಳುವುದು, ಕೆನ್ನೆಗೂ ಕಿವಿಗೂ ಮುಷ್ಟಿ ಕಟ್ಟಿ ಬಡಿದುಕೊಳ್ಳುವುದು, ಕೈ ಕಚ್ಚಿಕೊಳ್ಳುವುದು, ಕಣ್ಣಿಗೆ ಬೆರಳು ಒತ್ತಿಕೊಳ್ಳುವುದು, ಮಾಯುತ್ತಿರುವ ಗಾಯವನ್ನು ಮತ್ತೆ ಮತ್ತೆ ಕೆರೆದು ಹಸಿ ಮಾಡಿಕೊಳ್ಳುವುದು ಇದರ ಸಾಮಾನ್ಯ ರೂಪಗಳು. ಇವನ್ನೆಲ್ಲ ಒಟ್ಟಾಗಿ ಸ್ವಯಂಗಾಯದ ವರ್ತನೆ ಎಂದು ಕರೆಯಬಹುದು. ಹದಿಹರೆಯದವರು ಮನಸ್ಸಿನ ಸಂಕಟ ತಾಳಲಾರದೆ ಗುಟ್ಟಾಗಿ ಕೈ ಕೊಯ್ದುಕೊಳ್ಳುವುದಕ್ಕೂ ಇದಕ್ಕೂ ಹೋಲಿಕೆ ಕಡಿಮೆ. ಇದು ಗುಟ್ಟಾಗಿ ನಡೆಯುವುದಿಲ್ಲ. ಒಂದೇ ಬಗೆಯಲ್ಲಿ, ಒಂದೇ ಜಾಗಕ್ಕೆ, ದಿನಕ್ಕೆ ಹತ್ತಾರು ಸಲವೋ ನೂರಾರು ಸಲವೋ ನಡೆಯುತ್ತದೆ, ವೈಕಲ್ಯ ತೀವ್ರವಾಗಿದ್ದಷ್ಟೂ ಮಾತು ಕಡಿಮೆಯಿದ್ದಷ್ಟೂ ಇದರ ಸಂಭವ ಹೆಚ್ಚುತ್ತದೆ.

ವರ್ಷಗಟ್ಟಲೆ ಕೈ ಕಚ್ಚಿಕೊಂಡ ಮಗುವಿನ ಹೆಬ್ಬೆರಳಿನ ಬುಡವನ್ನು ನೋಡಿದರೆ, ಅಲ್ಲಿನ ಚರ್ಮ ನೇಗಿಲು ಹಿಡಿದವನ ಅಂಗೈಯಂತೆ ಜಡ್ಡುಗಟ್ಟಿ, ಬಣ್ಣಗೆಟ್ಟು, ಹಲ್ಲಿನ ಸಾಲಿನ ಗುರುತನ್ನು ಅಚ್ಚೊತ್ತಿದಂತೆ ಉಳಿಸಿಕೊಂಡಿರುತ್ತದೆ. ಕಿವಿಯ ಮೇಲೆ ಹೊಡೆದುಕೊಳ್ಳುವವರ ಕಿವಿಯ ಹಾಲೆ ಮುದುಡಿ ಗಂಟಾಗುವುದುಂಟು. ತಲೆಗೂ ಕಣ್ಣಿಗೂ ಬೀಳುವ ಪೆಟ್ಟುಗಳಿಂದ ಕಣ್ಣಿನ ಒಳಪದರ ಕಳಚಿಕೊಂಡು ದೃಷ್ಟಿಯೇ ಹೋಗುವುದುಂಟು. ಇಷ್ಟಾಗಿಯೂ ಈ ವರ್ತನೆಗೆ ಊರಿನಲ್ಲಿ ಸಿಗುವ ವಿವರಣೆಗಳು ಎರಡು ಮೂರೇ. ಮಗುವಿಗೆ ಹಟ ಎಂಬುದು ಒಂದು. ಅದಕ್ಕೆ ನೋವೇ ಗೊತ್ತಾಗುವುದಿಲ್ಲ ಎಂಬುದು ಇನ್ನೊಂದು. ಗಾಳಿ ಸೋಕಿದೆ, ದೃಷ್ಟಿ ತಾಗಿದೆ ಎಂಬುದು ಮತ್ತೊಂದು. ಈ ಮೂರು ಮಾತುಗಳಲ್ಲಿಯೂ ಒಂದು ಸಾಮಾನ್ಯ ದೋಷವಿದೆ: ಮಗು ತನ್ನನ್ನು ನೋಯಿಸಿಕೊಂಡ ಕ್ಷಣಕ್ಕೆ ಮೊದಲು ಸುತ್ತಲೂ ಏನಾಗುತ್ತಿತ್ತು, ಆ ಕ್ಷಣದ ನಂತರ ಏನಾಯಿತು ಎಂಬುದನ್ನು ಅವು ಕೇಳುವುದೇ ಇಲ್ಲ. ವರ್ತನಾ ಚಿಕಿತ್ಸೆ ಕಳೆದ ಅರವತ್ತು ವರ್ಷಗಳಲ್ಲಿ ಕಂಡುಕೊಂಡದ್ದೆಲ್ಲ ಈ ಒಂದು ಪ್ರಶ್ನೆಯಿಂದ ಹುಟ್ಟಿದ್ದು.

ಅದಕ್ಕೂ ಮೊದಲು ಆಗಬೇಕಾದ ಕೆಲಸ ವೈದ್ಯರದು. ಹಲ್ಲುನೋವು, ಕಿವಿಯ ಸೋಂಕು, ಮಲಬದ್ಧತೆ, ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರುವುದು, ಮುಟ್ಟಿನ ನೋವು, ನಿದ್ರೆಯಿಲ್ಲದ ರಾತ್ರಿ ಇವೆಲ್ಲ ಮಾತು ಬಾರದ ವ್ಯಕ್ತಿಯಲ್ಲಿ ಸ್ವಯಂಗಾಯವಾಗಿ ಹೊರಬೀಳಬಲ್ಲವು. ಎಂದೂ ಹೊಡೆದುಕೊಳ್ಳದ ಮಗು ಇದ್ದಕ್ಕಿದ್ದಂತೆ ದವಡೆಗೆ ಗುದ್ದಿಕೊಳ್ಳತೊಡಗಿದರೆ ಮೊದಲು ನೋಡಬೇಕಾದದ್ದು ಅದರ ಬಾಯಿಯ ಒಳಗನ್ನು, ಅದರ ಸ್ವಭಾವವನ್ನಲ್ಲ. ಕೆಲವು ವಂಶವಾಹಿ ಕಾಯಿಲೆಗಳಿಗೂ ಈ ವರ್ತನೆಗೂ ನೇರ ನಂಟಿದೆ. 1964ರಲ್ಲಿ ಮೈಕೆಲ್ ಲೆಶ್ ಮತ್ತು ವಿಲಿಯಂ ನೈಹನ್ ವಿವರಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ಕಾಯಿಲೆಯಲ್ಲಿ, ದೇಹದ ಒಂದು ಕಿಣ್ವದ ಕೊರತೆಯಿಂದ ಯೂರಿಕ್ ಆಮ್ಲ ವಿಪರೀತವಾಗಿ ಹೆಚ್ಚುವುದರ ಜೊತೆಗೆ, ಹುಡುಗರು ತಮ್ಮ ತುಟಿಯನ್ನೂ ಬೆರಳುಗಳನ್ನೂ ಕಚ್ಚಿ ಹರಿದುಕೊಳ್ಳುತ್ತಾರೆ. ಅವರಿಗೆ ನೋವು ಚೆನ್ನಾಗಿಯೇ ಗೊತ್ತಾಗುತ್ತದೆ, ಎಷ್ಟೋ ಜನ ತಮ್ಮ ಕೈಗಳನ್ನು ಕಟ್ಟಿಡುವಂತೆ ತಾವಾಗಿಯೇ ಬೇಡುತ್ತಾರೆ. ನೋವಿಲ್ಲದ್ದರಿಂದ ಮಾಡುತ್ತಾರೆ ಎಂಬ ಊಹೆಗೆ ಇದಕ್ಕಿಂತ ಕಟುವಾದ ಉತ್ತರ ಇನ್ನೊಂದು ಬೇಕಿಲ್ಲ.

ದೇಹದ ಕಾರಣಗಳನ್ನು ತಪಾಸಣೆ ಮಾಡಿ, ಚಿಕಿತ್ಸೆ ಕೊಟ್ಟ ಮೇಲೆಯೂ ಉಳಿಯುವ ಸ್ವಯಂಗಾಯವೇ ವರ್ತನಾ ಚಿಕಿತ್ಸೆಯ ಕ್ಷೇತ್ರ. ಈ ಚಿಕಿತ್ಸೆಯ ತಳಹದಿ ಬಿ. ಎಫ್. ಸ್ಕಿನ್ನರ್ ಅವರ ಪ್ರಯೋಗಗಳಿಂದ ಬಂದ ಸರಳ ತತ್ತ್ವ: ಒಂದು ವರ್ತನೆಯ ಬೆನ್ನಿಗೇ ಸಿಗುವ ಫಲವು ಆ ವರ್ತನೆ ಮುಂದೆ ಮತ್ತೆ ಮತ್ತೆ ನಡೆಯುವಂತೆ ಮಾಡಿದರೆ ಅದನ್ನು ಪುನರ್ಬಲನ ಎನ್ನುತ್ತಾರೆ, ಆ ಫಲ ಸಿಗುವುದು ನಿಂತುಹೋಗಿ ವರ್ತನೆ ಕ್ರಮೇಣ ಕಡಿಮೆಯಾದರೆ ಅದನ್ನು ವಿಲೋಪನ ಎನ್ನುತ್ತಾರೆ. ಪುನರ್ಬಲನವೆಂದರೆ ಬಹುಮಾನವೆಂದು ತಿಳಿಯಬಾರದು. ಬೈಗುಳವೂ ಪುನರ್ಬಲನವಾಗಬಹುದು, ಹಿಡಿದು ಕೂರಿಸುವುದೂ ಆಗಬಹುದು, ಬೇಡವಾದದ್ದು ಎದುರಿನಿಂದ ತೊಲಗುವುದೂ ಆಗಬಹುದು. ಕೊಡುವವರು ಏನೆಂದು ಭಾವಿಸಿ ಕೊಟ್ಟರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ವರ್ತನೆ ಹೆಚ್ಚಿತೋ ಇಲ್ಲವೋ ಎಂಬುದಷ್ಟೇ ಲೆಕ್ಕ.

ಈ ತತ್ತ್ವವನ್ನು ಸ್ವಯಂಗಾಯಕ್ಕೆ ಮೊದಮೊದಲು ಅನ್ವಯಿಸಿದವರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಇವಾರ್ ಲೋವಾಸ್ ಪ್ರಮುಖರು. ತನ್ನನ್ನು ಹೊಡೆದುಕೊಳ್ಳುವ ಮಗು ಒಳಗಿನ ಅಪರಾಧಭಾವದಿಂದ ಹಾಗೆ ಮಾಡುತ್ತದೆ, ಆದ್ದರಿಂದ ಆ ಕ್ಷಣದಲ್ಲಿ ಅದಕ್ಕೆ ಪ್ರೀತಿಯನ್ನೂ ಅಭಯವನ್ನೂ ಕೊಡಬೇಕು ಎಂಬ ಮನೋವಿಶ್ಲೇಷಣೆಯ ಸಲಹೆ ಅಂದು ಬಳಕೆಯಲ್ಲಿತ್ತು. 1965ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೋವಾಸ್ ತಂಡ ಈ ಸಲಹೆಯನ್ನೇ ಪರೀಕ್ಷೆಗೆ ಒಡ್ಡಿ, ಮಗು ಹೊಡೆದುಕೊಂಡ ಕೂಡಲೇ ಸಾಂತ್ವನದ ಮಾತು ಆಡಿದರೆ ಹೊಡೆದುಕೊಳ್ಳುವುದು ಕಡಿಮೆಯಾಗುವ ಬದಲು ಹೆಚ್ಚುತ್ತದೆ ಎಂದು ತೋರಿಸಿತು. ಸಾಂತ್ವನ ಕೆಟ್ಟದ್ದೆಂದು ಇದರ ಅರ್ಥವಲ್ಲ. ಪೆಟ್ಟಿನ ಬೆನ್ನಿಗೇ ಬರುವ ಸಾಂತ್ವನವು ಪೆಟ್ಟಿಗೆ ಕೊಟ್ಟ ಬೆಲೆಯಾಗಿಬಿಡುತ್ತದೆ ಎಂಬುದೇ ಇಲ್ಲಿ ತಿಳಿದುಬಂದ ಸಂಗತಿ. ಹಾಗಾದರೆ ಗಮನ ಕೊಡುವುದನ್ನೇ ನಿಲ್ಲಿಸಿದರಾಯಿತಲ್ಲ ಎಂಬ ಯೋಚನೆ ಸಹಜವಾಗಿಯೇ ಬಂತು. ಆದರೆ 1969ರ ಮುಂದಿನ ಅಧ್ಯಯನದಲ್ಲಿ, ಏನೂ ಮಾಡದೆ ಬಿಟ್ಟ ಮಗು ಸುಮ್ಮನಾಗುವ ಮೊದಲು ಸಾವಿರಾರು ಸಲ ಹೊಡೆದುಕೊಂಡಿತು. ಫಲ ನಿಂತ ಮೊದಲ ದಿನಗಳಲ್ಲಿ ವರ್ತನೆ ಉಲ್ಬಣಿಸುವುದು ವಿಲೋಪನದ ಸ್ವಭಾವವೇ. ತಿಂಡಿಗಾಗಿ ಹಟ ಹಿಡಿದ ಮಗುವಿನ ವಿಷಯದಲ್ಲಿ ಅದನ್ನು ಸಹಿಸಬಹುದು, ತಲೆ ಚಚ್ಚಿಕೊಳ್ಳುವ ಮಗುವಿನ ವಿಷಯದಲ್ಲಿ ಅದು ಆಪತ್ತು.

ಲೋವಾಸ್ ಆಗ ಹಿಡಿದ ಇನ್ನೊಂದು ದಾರಿ ವಿದ್ಯುತ್ ಆಘಾತ. ಕೆಲವೇ ಆಘಾತಗಳಿಂದ ಹೊಡೆದುಕೊಳ್ಳುವುದು ನಿಂತಿತು ನಿಜ, ಆದರೆ ಆಘಾತ ಕೊಟ್ಟ ಕೋಣೆಯಲ್ಲಿ, ಕೊಟ್ಟ ವ್ಯಕ್ತಿಯ ಎದುರಿಗೆ ಮಾತ್ರ ನಿಂತಿತು. ಬೇರೆ ಕೋಣೆಯಲ್ಲಿ, ಬೇರೆಯವರ ಎದುರು ಮೊದಲಿನಂತೆಯೇ ಮುಂದುವರಿಯಿತು. ಈ ಒಂದು ವಿವರವೇ ಶಿಕ್ಷೆಯ ಮಿತಿಯನ್ನು ಸಾಕಷ್ಟು ಹೇಳುತ್ತದೆ. ಮಗುವಿಗೆ ಬೇಕಾಗಿದ್ದದ್ದು ಬೇಕಾಗಿಯೇ ಉಳಿದಿತ್ತು. ಅದನ್ನು ಎಲ್ಲಿ ಕೇಳಬಾರದು ಎಂಬುದನ್ನಷ್ಟೇ ಅದು ಕಲಿತಿತ್ತು.

ಏನು ಬೇಕಾಗಿತ್ತು ಎಂಬ ಪ್ರಶ್ನೆಯತ್ತ ವಿಷಯವನ್ನು ತಿರುಗಿಸಿದವರು ಎಡ್ವರ್ಡ್ ಕಾರ್. 1976ರಲ್ಲಿ ಅವರೂ ಸಹೋದ್ಯೋಗಿಗಳೂ ಎಂಟು ವರ್ಷದ ಹುಡುಗನೊಬ್ಬನ ಬಗ್ಗೆ ಪ್ರಕಟಿಸಿದ ಅಧ್ಯಯನ ಇಂದಿಗೂ ಓದಿಸಿಕೊಳ್ಳುವಂಥದು. ದೊಡ್ಡವರು ಅದು ತೋರಿಸು, ಇದು ಮಾಡು ಎಂದು ಆಜ್ಞೆಗಳನ್ನು ಕೊಡುತ್ತಿದ್ದ ಅವಧಿಗಳಲ್ಲಿ ಆ ಹುಡುಗ ತನ್ನನ್ನು ತೀವ್ರವಾಗಿ ಹೊಡೆದುಕೊಳ್ಳುತ್ತಿದ್ದ. ಅವರೇ ಎದುರು ಕುಳಿತು, ಏನನ್ನೂ ಕೇಳದೆ, ಸುಮ್ಮನೆ ಸಂಗತಿಗಳನ್ನು ಹೇಳುತ್ತಿದ್ದ ಅವಧಿಗಳಲ್ಲಿ ಹೊಡೆತ ತೀರಾ ಕಡಿಮೆಯಾಗುತ್ತಿತ್ತು. ಅವಧಿ ಮುಗಿಯಿತು, ಇನ್ನು ಹೊರಡೋಣ ಎಂಬರ್ಥದ ಮಾತು ಕಿವಿಗೆ ಬಿದ್ದೊಡನೆ, ಆಜ್ಞೆಗಳ ನಡುವೆ ಹೊಡೆದುಕೊಳ್ಳುತ್ತಿದ್ದವನ ಕೈ ತಾನಾಗಿ ಇಳಿಯುತ್ತಿತ್ತು. ಅದಕ್ಕಿಂತಲೂ ಗಮನಾರ್ಹವಾದದ್ದು, ಅವೇ ಆಜ್ಞೆಗಳನ್ನು ಒಂದು ಖುಷಿಯ ಕಥೆಯ ನಡುನಡುವೆ ಸೇರಿಸಿ ಹೇಳಿದಾಗಲೂ ಹೊಡೆತ ಇಳಿಮುಖವಾಯಿತು. ಆ ಹುಡುಗ ಪಾರಾಗಲು ಯತ್ನಿಸುತ್ತಿದ್ದುದು ಮನುಷ್ಯರಿಂದಲ್ಲ, ಕೋಣೆಯಿಂದಲೂ ಅಲ್ಲ, ಕಥೆಯಿಲ್ಲದ ಬರಿಯ ಆಜ್ಞೆಗಳ ಸರಪಳಿಯಿಂದ. ಮರುವರ್ಷ ಕಾರ್ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸ್ವಯಂಗಾಯಕ್ಕೆ ಒಂದೇ ಕಾರಣವಿದೆ ಎಂದು ಹುಡುಕುವುದನ್ನು ಬಿಟ್ಟು, ಒಬ್ಬೊಬ್ಬರಲ್ಲಿ ಒಂದೊಂದು ಕಾರಣ ಕೆಲಸ ಮಾಡುತ್ತಿರಬಹುದೆಂದು ಒಪ್ಪಿ, ಅದನ್ನು ಪರೀಕ್ಷಿಸಿ ತಿಳಿಯಬೇಕೆಂಬ ವಾದವನ್ನು ಮುಂದಿಟ್ಟರು.

ಆ ಪರೀಕ್ಷೆಗೆ ರೂಪ ಕೊಟ್ಟದ್ದು ಬಾಲ್ಟಿಮೋರ್ ನಗರದಲ್ಲಿ, ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಸಂಬಂಧವಿದ್ದ ಜಾನ್ ಎಫ್. ಕೆನಡಿ ಸಂಸ್ಥೆಯಲ್ಲಿ, ಬ್ರಯನ್ ಇವಾಟ ಮತ್ತು ಅವರ ಸಂಗಡಿಗರು. ಇಂದು ಆ ಸಂಸ್ಥೆಗೆ ಕೆನಡಿ ಕ್ರೀಗರ್ ಸಂಸ್ಥೆ ಎಂಬ ಹೆಸರು. 1982ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಬೆಳವಣಿಗೆಯ ತೊಂದರೆಯಿದ್ದ ಒಂಬತ್ತು ಮಂದಿಯ ವಿವರವಿದೆ. ಪ್ರತಿಯೊಬ್ಬರನ್ನೂ ಮೊದಲು ವೈದ್ಯರು ಪರೀಕ್ಷಿಸಿ, ಎಷ್ಟು ಗಾಯವಾದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕೆಂದು ಗೊತ್ತುಮಾಡಿಕೊಂಡ ಮೇಲೆ, ಹದಿನೈದು ನಿಮಿಷಗಳ ಅವಧಿಗಳಲ್ಲಿ ನಾಲ್ಕು ಬಗೆಯ ಸನ್ನಿವೇಶಗಳನ್ನು ಅವರ ಎದುರು ಒಂದಾದ ಮೇಲೊಂದರಂತೆ ತರಲಾಯಿತು. ಒಂದರಲ್ಲಿ ದೊಡ್ಡವರು ಮಗುವಿಗೆ ಆಟಿಕೆ ಕೊಟ್ಟು ತಾವು ಏನೋ ಓದುತ್ತ ಕುಳಿತಿರುತ್ತಾರೆ, ಮಗು ಹೊಡೆದುಕೊಂಡಾಗ ಮಾತ್ರ ಹತ್ತಿರ ಬಂದು, ಹಾಗೆ ಮಾಡಬೇಡ, ನೋವಾಗುತ್ತದೆ ಎಂದು ಭುಜ ಮುಟ್ಟಿ ಹೇಳುತ್ತಾರೆ. ಇನ್ನೊಂದರಲ್ಲಿ ಮಗುವಿಗೆ ಕಷ್ಟವೆನಿಸುವ ಪಾಠ ನಡೆಯುತ್ತದೆ, ಹೊಡೆದುಕೊಂಡ ಕೂಡಲೇ ಪಾಠ ನಿಂತು ಕಲಿಸುವವರು ಮೂವತ್ತು ಸೆಕೆಂಡು ಮುಖ ತಿರುಗಿಸಿ ಕೂರುತ್ತಾರೆ. ಮೂರನೆಯದರಲ್ಲಿ ಮಗು ಆಟಿಕೆಯೂ ಇಲ್ಲದ ಕೋಣೆಯಲ್ಲಿ ಒಂಟಿಯಾಗಿರುತ್ತದೆ. ನಾಲ್ಕನೆಯದರಲ್ಲಿ ಆಟಿಕೆಗಳಿವೆ, ಜೊತೆಗೆ ಜನರಿದ್ದಾರೆ, ಆಗಾಗ ಮೆಚ್ಚುಗೆಯಿದೆ, ಯಾವ ಒತ್ತಾಯವೂ ಇಲ್ಲ. ಉಳಿದ ಮೂರನ್ನು ಅಳೆಯುವುದಕ್ಕೆ ಇದೇ ಮಾನದಂಡ. ಯಾವ ಸನ್ನಿವೇಶದಲ್ಲಿ ಹೊಡೆತ ಹೆಚ್ಚುತ್ತದೆಯೋ ಆ ಸನ್ನಿವೇಶದಲ್ಲಿ ಸಿಗುವ ಫಲವೇ ಹೊಡೆತವನ್ನು ಬದುಕಿಸಿಟ್ಟಿದೆ ಎಂದು ಊಹಿಸುವುದಕ್ಕೆ ಗಟ್ಟಿಯಾದ ಆಧಾರ ಸಿಗುತ್ತದೆ. ಒಂಬತ್ತರಲ್ಲಿ ಆರು ಮಂದಿಯಲ್ಲಿ ಹೀಗೆ ಒಂದು ಸನ್ನಿವೇಶ ಸ್ಪಷ್ಟವಾಗಿ ಎದ್ದು ಕಂಡಿತು, ಆದರೆ ಅದು ಎಲ್ಲರಲ್ಲಿಯೂ ಒಂದೇ ಆಗಿರಲಿಲ್ಲ. ಈ ವಿಧಾನಕ್ಕೆ ಕಾರ್ಯಾತ್ಮಕ ವಿಶ್ಲೇಷಣೆ ಎಂದು ಹೆಸರು; ವರ್ತನೆ ನೋಡಲು ಹೇಗಿದೆ ಎಂಬುದಕ್ಕಿಂತ ಅದು ಯಾವ ಕಾರ್ಯವನ್ನು ಸಾಧಿಸಿಕೊಡುತ್ತಿದೆ ಎಂಬುದನ್ನು ಹುಡುಕುವುದರಿಂದ ಆ ಹೆಸರು.

ಹನ್ನೆರಡು ವರ್ಷಗಳ ನಂತರ, 1994ರಲ್ಲಿ, ಇವಾಟ ಅವರ ಬಳಗ ಇದೇ ಬಗೆಯ ಪರೀಕ್ಷೆಗೆ ಒಳಗಾದ 152 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿತು. ಅವರಲ್ಲಿ ಶೇ. 38.1ರಷ್ಟು ಮಂದಿಯ ಸ್ವಯಂಗಾಯ ಕೆಲಸ, ಪಾಠ ಮೊದಲಾದ ಬೇಡವಾದ ಸನ್ನಿವೇಶಗಳಿಂದ ಬಿಡುಗಡೆ ಪಡೆಯುವುದಕ್ಕಾಗಿ ನಡೆಯುತ್ತಿತ್ತು, ಶೇ. 26.3ರಷ್ಟು ಮಂದಿಯದು ಜನರ ಗಮನವನ್ನೋ ತಿನಿಸನ್ನೋ ವಸ್ತುವನ್ನೋ ಪಡೆಯುವುದಕ್ಕಾಗಿ, ಶೇ. 25.7ರಷ್ಟು ಮಂದಿಯಲ್ಲಿ ಹೊರಗಿನವರ ಪ್ರತಿಕ್ರಿಯೆಗೆ ಸಂಬಂಧವೇ ಇಲ್ಲದೆ, ಆ ಕ್ರಿಯೆಯಿಂದ ಹುಟ್ಟುವ ಸಂವೇದನೆಯೇ ಅದನ್ನು ಉಳಿಸಿತ್ತು. ಶೇ. 5.3ರಲ್ಲಿ ಒಂದಕ್ಕಿಂತ ಹೆಚ್ಚು ಕಾರಣಗಳು ಬೆರೆತಿದ್ದವು, ಶೇ. 4.6ರಲ್ಲಿ ಮಾತ್ರ ಏನೆಂದು ತಿಳಿಯಲಾಗಲಿಲ್ಲ. ಅರ್ಥವಿಲ್ಲದ್ದು, ಹುಚ್ಚು ಎಂದು ಕೈಚೆಲ್ಲಿದ್ದ ವರ್ತನೆಯಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತರಷ್ಟು ಪ್ರಕರಣಗಳಿಗೆ ಅರ್ಥ ಸಿಕ್ಕಿತು ಎಂಬುದನ್ನು ನಿಧಾನವಾಗಿ ಓದಿಕೊಳ್ಳಬೇಕು. ಇನ್ನೂ ಒಂದು ಮಾತು ಈ ಅಂಕಿಗಳಲ್ಲಿ ಅಡಗಿದೆ. ಗಲಾಟೆ ಮಾಡಿದ ಮಗುವನ್ನು ತರಗತಿಯ ಹೊರಗೆ ಕೂರಿಸುವುದು ಶಾಲೆಗಳಲ್ಲಿ ಬಹಳ ಬಳಕೆಯಲ್ಲಿರುವ ಶಿಕ್ಷೆ. ಪಾಠದಿಂದ ಪಾರಾಗಲು ಕೈ ಕಚ್ಚಿಕೊಳ್ಳುವ ಮಗುವಿಗೆ ಅದು ಶಿಕ್ಷೆಯಲ್ಲ, ಬೇಡಿದ ವರ. ಒಂಟಿತನ ತಾಳದೆ ಹೊಡೆದುಕೊಳ್ಳುವ ಮಗುವಿಗೆ ಬೈಗುಳವೂ ಹಾಗೆಯೇ. ಕಾರಣ ತಿಳಿಯದೆ ಕೊಟ್ಟ ಚಿಕಿತ್ಸೆ ರೋಗವನ್ನೇ ಪೋಷಿಸಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಸಿಗಲಾರದು.

ಕಾರಣ ತಿಳಿದ ಮೇಲೆ ಮಾಡುವುದೇನು ಎಂಬುದಕ್ಕೆ ಅತ್ಯಂತ ಮಾನವೀಯವಾದ ಉತ್ತರವನ್ನು ಕೊಟ್ಟವರೂ ಎಡ್ವರ್ಡ್ ಕಾರ್ ಅವರೇ. ಮಾರ್ಕ್ ಡ್ಯುರಾಂಡ್ ಅವರೊಂದಿಗೆ 1985ರಲ್ಲಿ ಅವರು ಪ್ರಕಟಿಸಿದ ವಿಧಾನಕ್ಕೆ ಕಾರ್ಯಾತ್ಮಕ ಸಂವಹನ ತರಬೇತಿ ಎಂದು ಹೆಸರು. ಹೊಡೆತದಿಂದ ಸಿಗುತ್ತಿದ್ದದ್ದನ್ನೇ ಮಾತಿನಿಂದ ಪಡೆಯುವುದನ್ನು ಕಲಿಸುವುದು ಅದರ ತಿರುಳು. ನಾಲ್ವರು ಮಕ್ಕಳ ಮೇಲೆ ನಡೆದ ಆ ಅಧ್ಯಯನದಲ್ಲಿ, ಕೆಲಸ ಕಷ್ಟವಾದಾಗ ಕೆರಳುತ್ತಿದ್ದ ಮಕ್ಕಳಿಗೆ, ನನಗೆ ತಿಳಿಯುತ್ತಿಲ್ಲ ಎಂಬರ್ಥದ ವಾಕ್ಯವನ್ನು ಕಲಿಸಲಾಯಿತು, ಅದನ್ನು ಹೇಳಿದೊಡನೆ ನೆರವು ಸಿಗುತ್ತಿತ್ತು. ಗಮನಕ್ಕಾಗಿ ಕೆರಳುತ್ತಿದ್ದವರಿಗೆ, ನಾನು ಸರಿಯಾಗಿ ಮಾಡುತ್ತಿದ್ದೇನೆಯೇ ಎಂದು ಕೇಳುವುದನ್ನು ಕಲಿಸಲಾಯಿತು, ಕೇಳಿದೊಡನೆ ಮೆಚ್ಚುಗೆ ಸಿಗುತ್ತಿತ್ತು. ಪ್ರಯೋಗದ ಜಾಣತನವಿರುವುದು ಮುಂದಿನ ಹೆಜ್ಜೆಯಲ್ಲಿ. ಸಂಶೋಧಕರು ವಾಕ್ಯಗಳನ್ನು ಅದಲುಬದಲು ಮಾಡಿಯೂ ನೋಡಿದರು. ನೆರವು ಬೇಕಾದ ಮಗುವಿಗೆ ಮೆಚ್ಚುಗೆ ಕೇಳುವ ವಾಕ್ಯವನ್ನು ಕಲಿಸಿದಾಗ ಮಗು ಅದನ್ನು ಕಲಿತು ಹೇಳಿತಾದರೂ ತೊಂದರೆಯ ವರ್ತನೆ ಕಡಿಮೆಯಾಗಲಿಲ್ಲ. ಮಾತು ಕಲಿಸಿದರಷ್ಟೇ ಸಾಲದು, ಆ ಮಗುವಿಗೆ ಬೇಕಾದ ಮಾತನ್ನೇ ಕಲಿಸಬೇಕು ಎಂಬುದು ಇದರಿಂದ ಸಿದ್ಧವಾಯಿತು. ವಿಶೇಷ ಶಾಲೆಯಲ್ಲಿ ಬಣ್ಣ, ಹಣ್ಣು, ಪ್ರಾಣಿಗಳ ಹೆಸರುಗಳನ್ನು ನೂರರವರೆಗೆ ಕಲಿತ ಮಗುವಿಗೂ 'ಸಾಕು', 'ಆಗಲ್ಲ', 'ಬಾ' ಎಂಬ ಮೂರು ಮಾತುಗಳು ಬಾರದಿದ್ದರೆ, ಅದರ ಕೈ ಮತ್ತೆ ಹಲ್ಲಿಗೇ ಹೋಗುತ್ತದೆ.

ಬಾಯಿಮಾತೇ ಆಗಬೇಕೆಂದಿಲ್ಲ. ಒಂದು ಚಿತ್ರವಿರುವ ಕಾರ್ಡ್ ಕೊಡುವುದು, ಅಂಗೈ ಎತ್ತಿ ತೋರಿಸುವುದು, ಒತ್ತಿದರೆ ಮಾತು ಕೇಳಿಸುವ ಗುಂಡಿಯನ್ನು ಒತ್ತುವುದು, ಎಲ್ಲವೂ ಆಗುತ್ತದೆ. ಹೊಡೆದುಕೊಳ್ಳುವುದಕ್ಕಿಂತ ಅದು ಸುಲಭವಾಗಿರಬೇಕು ಮತ್ತು ಬೇಗ ಫಲ ಕೊಡಬೇಕು ಎಂಬುದೇ ಮುಖ್ಯ. ಮಣಿ ಪೋಣಿಸುವ ಕೆಲಸಕ್ಕೆ ಕೂರಿಸಿದೊಡನೆ ಕೈ ಕಚ್ಚಿಕೊಳ್ಳುವ ಮಗುವನ್ನು ಉದಾಹರಣೆಗೆ ತೆಗೆದುಕೊಂಡರೆ, ಕಚ್ಚುವುದಕ್ಕೆ ಮೊದಲು ಅದು ಸಾಮಾನ್ಯವಾಗಿ ಏನಾದರೂ ಸೂಚನೆ ಕೊಟ್ಟೇ ಕೊಡುತ್ತದೆ: ಉಸಿರು ಬಿಗಿಯುತ್ತದೆ, ಸಣ್ಣಗೆ ನರಳುತ್ತದೆ, ಭುಜ ಏರುತ್ತದೆ. ಆ ಸೂಚನೆ ಕಂಡೊಡನೆ, ಕೈ ಬಾಯಿಗೆ ಹೋಗುವುದಕ್ಕೆ ಮುನ್ನವೇ, ಹಿಂದೆ ಕುಳಿತ ಸಹಾಯಕಿ ಮಗುವಿನ ಕೈಯನ್ನು ಮೆತ್ತಗೆ ಮುಂದಿರುವ 'ಸಾಕು' ಕಾರ್ಡಿನ ಮೇಲೆ ಇರಿಸುತ್ತಾಳೆ. ಎದುರಿಗಿರುವ ಶಿಕ್ಷಕಿ 'ಸಾಕಾ? ಸರಿ, ಸಾಕು' ಎಂದು ಹೇಳಿ ಮಣಿಗಳ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾಳೆ. ಹೀಗೆ ದಿನವೂ ಹತ್ತಾರು ಸಲ ನಡೆದು, ಸಹಾಯಕಿಯ ಕೈ ಕ್ರಮೇಣ ಹಿಂದೆ ಸರಿದು, ಒಂದು ದಿನ ಮಗು ತಾನಾಗಿಯೇ ಕಾರ್ಡಿನತ್ತ ಕೈ ಚಾಚುತ್ತದೆ. ಮಗು ಮೊದಮೊದಲು ಒಂದು ಮಣಿಯನ್ನೂ ಮುಟ್ಟದೆ ಕಾರ್ಡ್ ಚಾಚುವುದರಿಂದ ನೋಡುವವರಿಗೆ ಇದು ಸೋಮಾರಿತನವನ್ನು ಕಲಿಸಿದಂತೆ ಕಾಣುತ್ತದೆ, ಶಾಲೆಗಳು ಈ ಹಂತದಲ್ಲಿಯೇ ತಾಳ್ಮೆ ಕಳೆದುಕೊಳ್ಳುತ್ತವೆ. ಆದರೆ ಚಿಕಿತ್ಸೆ ಅಲ್ಲಿಗೆ ಮುಗಿಯುವುದಿಲ್ಲ. ಕಾರ್ಡಿಗೆ ಬೆಲೆ ಇದೆಯೆಂದು ಮಗು ನಂಬಿದ ಮೇಲೆ, ಒಂದು ಮಣಿ ಆಮೇಲೆ ಸಾಕು, ಎರಡು ಮಣಿ ಆಮೇಲೆ ಸಾಕು ಎಂದು ಕಾಯುವಿಕೆಯನ್ನು ಎಳೆಯೆಳೆಯಾಗಿ ಬೆಳೆಸುತ್ತಾರೆ. ನಂಬಿಕೆ ಹುಟ್ಟುವುದಕ್ಕೆ ಮೊದಲೇ ಕಾಯಿಸಿದರೆ ಹಳೆಯ ವರ್ತನೆ ಮರಳುತ್ತದೆ.

ಹೊಸ ದಾರಿ ತೆರೆದರೆ ಹಳೆಯದು ತಾನಾಗಿ ಮುಚ್ಚುತ್ತದೆ ಎಂದು ಆಶಿಸುವುದೂ ಸರಿಯಲ್ಲ. ಕೆನಡಿ ಕ್ರೀಗರ್ ಸಂಸ್ಥೆಯ ಲೂಯಿಸ್ ಹಗೋಪಿಯನ್ ಮತ್ತು ಸಂಗಡಿಗರು 1998ರಲ್ಲಿ ಒಳರೋಗಿಗಳಾಗಿದ್ದ 21 ಮಂದಿಯ ಚಿಕಿತ್ಸೆಯನ್ನು ಪರಿಶೀಲಿಸಿದಾಗ, ತೊಂದರೆಯ ವರ್ತನೆಗೂ ಹಿಂದಿನಂತೆಯೇ ಫಲ ಸಿಗುತ್ತಿದ್ದಲ್ಲಿ ಸಂವಹನ ತರಬೇತಿಯೊಂದರಿಂದ ಸಾಕಷ್ಟು ಇಳಿಕೆ ಕಾಣಲಿಲ್ಲ. ತುಂಬಿದ ಮನೆಗಳಲ್ಲಿ ಇದರ ಕಷ್ಟ ಬೇಗ ಅರಿವಾಗುತ್ತದೆ. ತಾಯಿ, ತಂದೆ, ಚಿಕ್ಕಮ್ಮ ಎಲ್ಲರೂ ಒಂದೇ ರೀತಿ ನಡೆದುಕೊಂಡರೂ, ಮೊಮ್ಮಗು ತಲೆ ಚಚ್ಚಿಕೊಂಡಾಗ ಅಜ್ಜಿ ತಡೆಯಲಾರದೆ ಓಡಿಬಂದು, ತಲೆ ತಿಕ್ಕಿ, ಬಾಯಿಗೆ ಬೆಲ್ಲ ಹಾಕುತ್ತಾಳೆ. ಹತ್ತರಲ್ಲಿ ಒಂದು ಸಲ ಹೀಗಾದರೂ ಸಾಕು, ಯಾವಾಗ ಸಿಗುತ್ತದೋ ಎಂಬ ಆಸೆಯೇ ವರ್ತನೆಯನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ಅಜ್ಜಿಯನ್ನು ದೂರುವುದರಲ್ಲಿ ನ್ಯಾಯವಿಲ್ಲ. ಅವಳ ಪ್ರೀತಿ ಮಗುವಿಗೆ ಬೇಕೇ ಬೇಕು, ಬೇಕಾಗಿರುವುದು ಅದರ ಹೊತ್ತಿನ ಬದಲಾವಣೆ ಮಾತ್ರ. ಮಗು ಸುಮ್ಮನಿರುವಾಗಲೇ, ಏನೂ ಕೇಳದಿರುವಾಗಲೇ, ಹತ್ತು ನಿಮಿಷಕ್ಕೊಮ್ಮೆ ಬಂದು ಬೆನ್ನು ಸವರಿ ಮಾತಾಡಿಸಿ ಹೋಗುವ ಅಜ್ಜಿ, ಗಮನಕ್ಕಾಗಿ ನಡೆಯುವ ಸ್ವಯಂಗಾಯಕ್ಕೆ ಸಾಕಷ್ಟು ಒಳ್ಳೆಯ ಚಿಕಿತ್ಸೆಯನ್ನೇ ಕೊಡುತ್ತಿರುತ್ತಾಳೆ. ಫಲವನ್ನು ವರ್ತನೆಗೆ ಕಟ್ಟಿಹಾಕದೆ ಕಾಲಕ್ಕೆ ಕಟ್ಟಿಹಾಕುವ ಈ ವಿಧಾನವನ್ನು ಇವಾಟ ಅವರ ಶಿಷ್ಯ ಟಿಮೊತಿ ವೋಲ್ಮರ್ 1993ರ ಅಧ್ಯಯನದಲ್ಲಿ ಪರೀಕ್ಷಿಸಿ ತೋರಿಸಿದ್ದರು. ಹೊಡೆದುಕೊಳ್ಳುವಾಗ ಗಮನ ಕೊಡಬಾರದೆಂದರೆ ಗಾಯವಾಗಲು ಬಿಡಬೇಕೆಂದೂ ಅಲ್ಲ: ಕೈಯನ್ನು ಅಡ್ಡ ಹಿಡಿಯಬೇಕು, ತಲೆಗೂ ಗೋಡೆಗೂ ನಡುವೆ ದಿಂಬು ತರಬೇಕು, ಆದರೆ ಮುಖದಲ್ಲಿ ಗಾಬರಿಯಾಗಲಿ ಬಾಯಲ್ಲಿ ಮಾತಾಗಲಿ ಇರಬಾರದು.

ಮನೆಯಲ್ಲಿ ಪ್ರಯೋಗಕೋಣೆ ಇರುವುದಿಲ್ಲವಾದ್ದರಿಂದ, ಕಾರಣದ ಸುಳಿವು ಹಿಡಿಯಲು ತಂದೆತಾಯಿಗೆ ಮೂರು ಮನೆಗಳಿರುವ ಒಂದು ಹಾಳೆಯನ್ನು ಕೊಡುವುದು ವಾಡಿಕೆ. ಮೊದಲ ಮನೆಯಲ್ಲಿ ವರ್ತನೆಗೆ ಮುನ್ನ ಏನಾಗುತ್ತಿತ್ತು, ನಡುವಿನದರಲ್ಲಿ ಮಗು ಏನು ಮಾಡಿತು, ಕೊನೆಯದರಲ್ಲಿ ಆಮೇಲೆ ಸುತ್ತಲಿನವರು ಏನು ಮಾಡಿದರು. 'ಕೋಪ ಬಂತು' ಎಂದು ಬರೆಯುವಂತಿಲ್ಲ. 'ಹಲ್ಲುಜ್ಜುವ ಬ್ರಷ್ ತೋರಿಸಿದೆ. ಎಡಗೆನ್ನೆಗೆ ನಾಲ್ಕು ಸಲ ಹೊಡೆದುಕೊಂಡ. ಬ್ರಷ್ ಒಳಗಿಟ್ಟೆ' ಎಂದು ಬರೆಯಬೇಕು. ಎರಡು ವಾರದ ಹಾಳೆಗಳನ್ನು ಮುಂದಿಟ್ಟುಕೊಂಡು ಕೊನೆಯ ಮನೆಯನ್ನಷ್ಟೇ ಮೇಲಿನಿಂದ ಕೆಳಗೆ ಓದುತ್ತ ಹೋದರೆ, ಒಳಗಿಟ್ಟೆ, ಬಿಟ್ಟೆ, ಆಮೇಲೆ ಮಾಡೋಣ ಎಂದೆ, ಟಿವಿ ಆರಿಸಿದೆ ಎಂಬ ಸಾಲು ಕಾಣಸಿಗುತ್ತದೆ, ವಿವರಣೆ ಬೇಕಾಗುವುದೇ ಇಲ್ಲ. ಭಾರತದಲ್ಲಿ ಈ ಬಗೆಯ ಕೆಲಸಕ್ಕೆ ದೇಶಿ ಉಪಕರಣಗಳೂ ಇವೆ. ಬೌದ್ಧಿಕ ವೈಕಲ್ಯವುಳ್ಳವರಿಗಾಗಿ ಇರುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲಿ ಭಾರತೀಯ ಮಕ್ಕಳಿಗಾಗಿ ರೂಪಿಸಿದ, ವಿಶೇಷ ಶಿಕ್ಷಕರ ನಡುವೆ ಬೇಸಿಕ್-ಎಂಆರ್ ಎಂದೇ ಪರಿಚಿತವಾದ ಅಳತೆಪಟ್ಟಿಯ ಎರಡನೆಯ ಭಾಗದಲ್ಲಿ ಸ್ವಯಂಗಾಯಕ್ಕೆ ಪ್ರತ್ಯೇಕ ವಿಭಾಗವಿದೆ. ವೆಂಕಟೇಶನ್ ಆಮೇಲೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಇದೇ ಕ್ಷೇತ್ರದಲ್ಲಿ ಮುಂದುವರಿದರು.

ಜನರ ಪ್ರತಿಕ್ರಿಯೆಗೆ ಸಂಬಂಧಿಸದ, ಸಂವೇದನೆಗಾಗಿಯೇ ನಡೆಯುವ ಸ್ವಯಂಗಾಯ ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ ಫಲವನ್ನು ಕೊಡುವವರೂ ತಡೆಯುವವರೂ ಹೊರಗಿಲ್ಲ. ದೃಷ್ಟಿ ಮಂದವಾಗಿರುವ ಮಗು ಕಣ್ಣುಗುಡ್ಡೆಯನ್ನು ಒತ್ತಿಕೊಂಡಾಗ ಒಳಗೆ ಬೆಳಕಿನ ಚುಕ್ಕೆಗಳು ಹೊಳೆಯುತ್ತವೆ; ಅದರ ಕತ್ತಲಲ್ಲಿ ಅದೊಂದೇ ಹಬ್ಬ. ಅಂಥ ಮಗುವಿಗೆ ಬಣ್ಣದ ದೀಪಗಳು ಮಿನುಗುವ ಆಟಿಕೆಗಳನ್ನು ಕೈಗೆ ಕೊಟ್ಟು, ಕಣ್ಣು ಒತ್ತಿಕೊಳ್ಳುವುದನ್ನು ಕಡಿಮೆ ಮಾಡಬಹುದೆಂದು ಜುಡಿತ್ ಫಾವೆಲ್ ಮತ್ತು ಸಂಗಡಿಗರು 1982ರಲ್ಲಿಯೇ ತೋರಿಸಿದ್ದರು. ಎಲ್ಲರಿಗೂ ಹೀಗೆ ಸಮನಾದ ಬದಲಿ ಸಿಗುವುದಿಲ್ಲ. ಎಷ್ಟು ಆಟಿಕೆ ಕೊಟ್ಟರೂ ಕೈ ಬಿಡದವರಿದ್ದಾರೆ. ತಮ್ಮ ಕೈಗಳನ್ನು ತಾವೇ ಅಂಗಿಯೊಳಗೆ ಸುತ್ತಿಕೊಂಡು, ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ತಮ್ಮನ್ನು ತಮ್ಮಿಂದಲೇ ಕಾಪಾಡಿಕೊಳ್ಳಲು ಯತ್ನಿಸುವವರೂ ಇದ್ದಾರೆ. ಇಂಥವರಲ್ಲಿ ಔಷಧ ಜೊತೆಗೂಡಬೇಕಾಗುತ್ತದೆ. ಆಟಿಸಂ ಇರುವ ಮಕ್ಕಳ ತೀವ್ರ ಸಿಡುಕು, ಆಕ್ರಮಣ, ಸ್ವಯಂಗಾಯಗಳಿಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ರಿಸ್ಪೆರಿಡೋನಿಗೂ 2009ರಲ್ಲಿ ಅರಿಪಿಪ್ರಜೋಲಿಗೂ ಅನುಮತಿ ಕೊಟ್ಟಿತು. ತೂಕ ಹೆಚ್ಚುವುದು, ಮಂಪರು ಮೊದಲಾದ ಪರಿಣಾಮಗಳಿರುವುದರಿಂದ ಮನೋವೈದ್ಯರ ನಿಗಾ ಇಲ್ಲದೆ ಇವುಗಳ ಬಳಕೆ ಸಲ್ಲದು, ಇವು ವರ್ತನಾ ಚಿಕಿತ್ಸೆಗೆ ಬದಲಿಯೂ ಅಲ್ಲ.

ಶಿಕ್ಷೆಯ ದಾರಿ 1969ರಲ್ಲಿಯೇ ಮುಗಿದಿದ್ದರೆ ಚೆನ್ನಾಗಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಸತಿಸಂಸ್ಥೆಯೊಂದರಲ್ಲಿ ಅಂಗವೈಕಲ್ಯವುಳ್ಳವರ ಮೈಗೆ ಕಟ್ಟಿದ ಸಾಧನದಿಂದ ವಿದ್ಯುತ್ ಆಘಾತ ಕೊಡುವ ಪದ್ಧತಿ ಈ ಶತಮಾನದಲ್ಲಿಯೂ ಮುಂದುವರಿಯಿತು. 2020ರಲ್ಲಿ ಔಷಧ ನಿಯಂತ್ರಣ ಸಂಸ್ಥೆ ಅಂಥ ಸಾಧನಗಳನ್ನು ನಿಷೇಧಿಸಿದಾಗ, 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಅಧಿಕಾರ ಅದಕ್ಕಿಲ್ಲವೆಂದು ನಿಷೇಧವನ್ನು ರದ್ದುಮಾಡಿತು, 2022ರ ಕೊನೆಯಲ್ಲಿ ಅಲ್ಲಿನ ಸಂಸತ್ತು ಕಾನೂನನ್ನೇ ತಿದ್ದಿ ಅಧಿಕಾರ ಕೊಟ್ಟ ಮೇಲೆ 2024ರಲ್ಲಿ ನಿಷೇಧದ ಪ್ರಸ್ತಾವ ಮತ್ತೆ ಬಂತು. ಆಘಾತವನ್ನು ಸಮರ್ಥಿಸಿದವರಲ್ಲಿ ಕೆಲವು ತಂದೆತಾಯಿಯರೂ ಇದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಬೇರೆ ಯಾವುದೂ ನಡೆಯದೆ, ಮಗು ಕಣ್ಣು ಕಳೆದುಕೊಳ್ಳುವುದನ್ನು ನೋಡಿದವರ ಹತಾಶೆ ಅದು. ಆ ಹತಾಶೆಗೆ ಉತ್ತರ ಸಿಗಬೇಕಾದದ್ದು ಕಾರಣ ಹುಡುಕುವ ಕೆಲಸವನ್ನು ಬೇಗ, ಮಗು ಚಿಕ್ಕದಿರುವಾಗಲೇ ಆರಂಭಿಸುವುದರಲ್ಲಿ. ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಬೌದ್ಧಿಕ ವೈಕಲ್ಯವನ್ನೂ ಆಟಿಸಂ ಅನ್ನೂ ತನ್ನ 21 ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿ, ಕ್ರೂರ ಮತ್ತು ಅಮಾನವೀಯ ನಡವಳಿಕೆಯಿಂದ ರಕ್ಷಣೆಯನ್ನು ಹಕ್ಕಾಗಿ ಕೊಟ್ಟಿದೆ. ಮಗುವನ್ನು ಕಿಟಕಿಯ ಸರಳಿಗೆ ಕಟ್ಟಿಹಾಕುವುದು, ಬಾಯಿಗೆ ಮೆಣಸಿನಪುಡಿ ಹಾಕುವುದು ಚಿಕಿತ್ಸೆಯೂ ಅಲ್ಲ, ಶಿಸ್ತೂ ಅಲ್ಲ.

ಆಟಿಸಂ ಇರುವ ವಯಸ್ಕರು ಇತ್ತೀಚಿನ ವರ್ಷಗಳಲ್ಲಿ ವರ್ತನಾ ಚಿಕಿತ್ಸೆಯ ಬಗ್ಗೆ ಎತ್ತಿರುವ ಆಕ್ಷೇಪವೂ ಇಲ್ಲಿ ಸಲ್ಲುತ್ತದೆ: ಮಗುವಿಗೆ ಏನು ಬೇಕೆಂದು ಕೇಳದೆ, ದೊಡ್ಡವರು ಹೇಳಿದ್ದನ್ನು ಅದು ಕೇಳುವಂತೆ ಮಾಡುವುದೇ ಗುರಿಯಾದರೆ ಅದು ಚಿಕಿತ್ಸೆಯಾಗುವುದಿಲ್ಲ ಎಂಬುದು ಅವರ ಮಾತು. ಪಾಠದಿಂದ ಪಾರಾಗಲು ಮಗು ಹೊಡೆದುಕೊಳ್ಳುತ್ತದೆಂದು ತಿಳಿದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ ಆ ಪಾಠ ಹೇಗಿದೆ ಎಂಬುದು. ಸದ್ದು ಹೆಚ್ಚಿದೆಯೇ, ಕೆಲಸ ತೀರ ಕಷ್ಟವೇ, ದಿನವೂ ಅದೇ ಮಣಿಯೇ? ಕಾರ್ ಅವರ ಅಧ್ಯಯನದ ಎಂಟು ವರ್ಷದ ಆ ಹುಡುಗನಿಗೆ ಒಂದು ಕಥೆ ಸಾಕಾಗಿತ್ತು. ಗ್ರೆಗ್ ಹ್ಯಾನ್ಲಿ ಮತ್ತು ಸಂಗಡಿಗರು 2014ರಲ್ಲಿ ಮಂಡಿಸಿದ ವಿಧಾನ ತಂದೆತಾಯಿಯೊಡನೆ ದೀರ್ಘವಾದ ಮಾತುಕತೆಯಿಂದಲೇ ಆರಂಭವಾಗಿ, ಮಗು ಅತ್ಯಂತ ನೆಮ್ಮದಿಯಾಗಿರುವ ಸನ್ನಿವೇಶ ಯಾವುದೆಂದು ಮೊದಲು ಕಟ್ಟಿಕೊಂಡು, ಆಮೇಲೆ ಪರೀಕ್ಷೆಗೆ ಇಳಿಯುತ್ತದೆ. ನಾಲ್ಕು ಸನ್ನಿವೇಶಗಳ ಹಳೆಯ ಪರೀಕ್ಷೆಗಿಂತ ಇದು ಮನೆಗೂ ಶಾಲೆಗೂ ಹೆಚ್ಚು ಹತ್ತಿರ.

ಗಾಯ ತೀರ ತೀವ್ರವಾಗಿ, ಚಿಕಿತ್ಸೆ ಫಲಿಸುವವರೆಗೆ ಕೈಗಳನ್ನು ತಡೆಯದೆ ವಿಧಿಯಿಲ್ಲದಾಗ, ಮೊಣಕೈ ಮಡಿಸಲಾಗದಂತೆ ತೋಳುಪಟ್ಟಿ ತೊಡಿಸುತ್ತಾರೆ. ಹಾಗೆ ತೊಡಿಸಿದ ಪಟ್ಟಿ ವರ್ಷಗಟ್ಟಲೆ ಉಳಿದರೆ ಸ್ನಾಯು ಕೃಶವಾಗಿ, ಕೀಲು ಬಿಗಿದು, ಮಗುವಿಗೆ ಉಣ್ಣಲೂ ಬರದಂತಾಗುತ್ತದೆ. ಆದ್ದರಿಂದ ಅದನ್ನು ತೊಡಿಸುವ ದಿನವೇ ತೆಗೆಯುವ ಯೋಜನೆಯೂ ಸಿದ್ಧವಾಗಿರಬೇಕು. ಪಟ್ಟಿಯೊಳಗಿನ ಗಡುಸು ಕಡ್ಡಿಗಳನ್ನು ಒಮ್ಮೆಲೇ ತೆಗೆಯದೆ, ದಪ್ಪನೆಯ ಕಡ್ಡಿಯ ಜಾಗಕ್ಕೆ ಸ್ವಲ್ಪ ತೆಳುವಾದದ್ದು, ಅದರ ಜಾಗಕ್ಕೆ ಇನ್ನೂ ತೆಳುವಾದದ್ದು ಎಂದು ಬದಲಿಸುತ್ತ, ಪ್ರತಿ ಹಂತದಲ್ಲಿಯೂ ಹೊಡೆತಗಳನ್ನು ಎಣಿಸುತ್ತ, ಹೆಚ್ಚಿದರೆ ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ಮುಂದೆ ಹೋಗುತ್ತಾರೆ. ತೋಳು ಒಂದಿಷ್ಟು ಮಡಿಯಲು ಬಂದೊಡನೆ ಆ ಕೈಗೆ ಚಮಚವನ್ನೋ ಚೆಂಡನ್ನೋ ಕಾರ್ಡನ್ನೋ ಕೊಡುತ್ತಾರೆ. ತಿಂಗಳುಗಳ ನಂತರ ಕಡ್ಡಿಗಳೆಲ್ಲ ಹೋಗಿ ಬಟ್ಟೆ ಮಾತ್ರ ಉಳಿಯುತ್ತದೆ; ಎಷ್ಟೋ ಮಕ್ಕಳು ಆ ಬಟ್ಟೆಯನ್ನು ಬಿಚ್ಚಲು ಒಪ್ಪುವುದಿಲ್ಲವಾದ್ದರಿಂದ ಅದನ್ನು ಕತ್ತರಿಸುತ್ತ ಬಂದು, ಕೊನೆಗೆ ಮಣಿಕಟ್ಟಿನಲ್ಲಿ ಎರಡು ಬೆರಳಗಲದ ಪಟ್ಟಿಯಾಗಿ ಬಿಟ್ಟುಬಿಡುತ್ತಾರೆ, ಆ ಪಟ್ಟಿ ತೊಟ್ಟ ಕೈಯಿಂದಲೇ ಮಗು ಅನ್ನ ಕಲಸಿ ತಿನ್ನುತ್ತದೆ.